ಸಕ್ಕರೆಗೆಂದು ತರಿಸಿದ ಸೊಪ್ಪು

ನಿತ್ಯಪುಷ್ಪಕ್ಕೆ ನೀರೆರೆದು ಬೆಳೆಸಿದವರು ಕಡಿಮೆ. ಕಾಂಪೌಂಡಿನ ಬಿರುಕಿನಲ್ಲಿ, ಸ್ಮಶಾನದ ಅಂಚಿನಲ್ಲಿ, ಹಾಳುಬಿದ್ದ ಸೈಟಿನ ಕಲ್ಲುಮಣ್ಣಿನಲ್ಲಿ ತಾನಾಗಿಯೇ ಎದ್ದು, ಬಿರುಬೇಸಿಗೆಯಲ್ಲೂ ಐದೆಸಳಿನ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಕೆಲವೆಡೆ ಇದನ್ನೇ ಕಾಶಿ ಕಣಗಿಲೆ ಎನ್ನುತ್ತಾರೆ. ಎಲೆ ನುಣುಪು, ನಡುವೆ ಬಿಳಿ ನರ, ನಾಲಿಗೆಗೆ ತಾಗಿದರೆ ತಡೆಯಲಾಗದ ಕಹಿ. ದನಕರುಗಳು ಬಾಯಿ ಹಾಕುವುದಿಲ್ಲ. ಇದರ ತವರು ಮಡಗಾಸ್ಕರ್ ದ್ವೀಪ. ಅಲ್ಲಿಂದ ಉಷ್ಣವಲಯದ ನಾಡುಗಳಿಗೆಲ್ಲ ಹರಡಿ, ಹಲವು ಕಡೆ ಸಕ್ಕರೆ ಕಾಯಿಲೆಯ ಮದ್ದೆಂದು ಹೆಸರಾಯಿತು.

ಜಮೈಕಾದಲ್ಲಿ ಜನ ಇದರ ಎಲೆಯನ್ನು ಕುದಿಸಿ ಕಷಾಯ ಕುಡಿಯುತ್ತಿದ್ದರು. ಅಲ್ಲಿನ ವೈದ್ಯ ಸಿ. ಡಿ. ಜಾನ್‌ಸ್ಟನ್ 1952ರಲ್ಲಿ ಇಪ್ಪತ್ತೈದು ಎಲೆಗಳನ್ನು ಲಕೋಟೆಯಲ್ಲಿಟ್ಟು ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್‌ಗೆ ಕಳಿಸಿದರು. ಕ್ಲಾರ್ಕ್‌ಗೆ ಕಳಿಸಿದ್ದಕ್ಕೆ ಕಾರಣವಿತ್ತು: ಇನ್ಸುಲಿನ್ ಸಂಶೋಧನೆಯ ದಿನಗಳಲ್ಲಿ ಅವರು ಅದನ್ನು ಕಂಡುಹಿಡಿದವರಲ್ಲೊಬ್ಬರಾದ ಬ್ಯಾಂಟಿಂಗ್ ಜೊತೆ ದುಡಿದವರು. ಕ್ಲಾರ್ಕ್ ಆ ಎಲೆಗಳನ್ನು ತಮ್ಮ ರಾಬರ್ಟ್‌ಗೆ ದಾಟಿಸಿದರು. ಆತ ಆಗ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧಕ.

ರಾಬರ್ಟ್ ನೋಬಲ್ ಸೊಪ್ಪಿನ ಸಾರವನ್ನು ಇಲಿಗಳಿಗೆ ಕುಡಿಸಿ ನೋಡಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಕುಡಿಸಿದ್ದು ಮೈಗೆ ಹತ್ತಲಿಲ್ಲವೇನೋ ಎಂದು ಚುಚ್ಚುಮದ್ದಾಗಿ ಕೊಟ್ಟರು. ಸಕ್ಕರೆ ಆಗಲೂ ಜಗ್ಗಲಿಲ್ಲ, ಆದರೆ ಕೆಲವೇ ದಿನಗಳಲ್ಲಿ ಇಲಿಗಳು ಸತ್ತವು.

ಆ ಪ್ರಯೋಗವನ್ನು ಅಲ್ಲಿಗೇ ಮುಚ್ಚಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ನೋಬಲ್ ಮುಚ್ಚಿಡಲಿಲ್ಲ. ನನ್ನ ಮಟ್ಟಿಗೆ ಇಡೀ ಕತೆಯ ಜೀವ ಇಲ್ಲಿದೆ. ಸತ್ತ ಇಲಿಗಳನ್ನು ಕೊಯ್ದು ನೋಡಿದರೆ ಒಳಗೆಲ್ಲ ಕೀವುಗಟ್ಟಿದ ಹುಣ್ಣುಗಳು. ಆರೋಗ್ಯವಂತ ಇಲಿ ಸುಲಭವಾಗಿ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಇವುಗಳ ಮೈಯನ್ನು ಆಕ್ರಮಿಸಿತ್ತು. ಹಾಗಾದರೆ ತಡೆಯುವ ಶಕ್ತಿ ಎಲ್ಲಿ ಹೋಯಿತು? ರಕ್ತ ಪರೀಕ್ಷಿಸಿದಾಗ ಬಿಳಿ ರಕ್ತಕಣಗಳು ತೀರಾ ಕುಸಿದಿದ್ದವು, ಅವು ಹುಟ್ಟುವ ಅಸ್ಥಿಮಜ್ಜೆಯೇ ಸೊರಗಿತ್ತು. ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರಕ್ತ ಕ್ಯಾನ್ಸರಿಗೆ ಇದನ್ನೇ ಬಳಸಿದರೆ? ಸಕ್ಕರೆಯ ವಿಚಾರ ಬದಿಗೆ ಸರಿಯಿತು.

1954ರಲ್ಲಿ ರಸಾಯನತಜ್ಞ ಚಾರ್ಲ್ಸ್ ಬೀರ್ ಜೊತೆಗೂಡಿದರು. ಎಲೆಯಲ್ಲಿ ಹತ್ತಾರು ಆಲ್ಕಲಾಯ್ಡ್‌ಗಳು ಬೆರೆತಿರುತ್ತವೆ, ಬೇಕಾದದ್ದು ಮಾತ್ರ ಅತ್ಯಲ್ಪ. ಸೋಸಿ, ಬೇರ್ಪಡಿಸಿ, ಕೊನೆಗೆ ಶುದ್ಧ ಹರಳಾಗಿ ತೆಗೆದ ವಸ್ತುವನ್ನು ಇಂದು ವಿನ್‌ಬ್ಲಾಸ್ಟಿನ್ ಎನ್ನುತ್ತೇವೆ. 1958ರಲ್ಲಿ ಇದನ್ನು ಲೋಕದ ಮುಂದಿಟ್ಟರು. ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೋಡಾ ಮತ್ತವರ ಸಂಗಡಿಗರೂ ಇದೇ ಗಿಡದ ಬೆನ್ನು ಹತ್ತಿದ್ದರು. ಅವರಿಂದ ಬಂದದ್ದು ವಿನ್‌ಕ್ರಿಸ್ಟಿನ್. ಅಮೆರಿಕದಲ್ಲಿ 1963ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಈ ಔಷಧಗಳು ಕೆಲಸ ಮಾಡುವ ಬಗೆ ಹೀಗೆ: ಒಂದು ಜೀವಕೋಶ ಎರಡಾಗುವಾಗ ಅದರೊಳಗೆ ಸಣ್ಣ ಎಳೆಗಳು ಹುಟ್ಟಿ, ವರ್ಣತಂತುಗಳನ್ನು ಹಗ್ಗದಂತೆ ಎರಡು ಬದಿಗೆ ಜಗ್ಗುತ್ತವೆ. ಟ್ಯೂಬುಲಿನ್ ಎಂಬ ಪ್ರೋಟೀನು ಜೋಡಿಕೊಂಡು ಆಗುವ ಎಳೆಗಳಿವು. ನಿತ್ಯಪುಷ್ಪದ ಈ ಎರಡೂ ಔಷಧಗಳು ಟ್ಯೂಬುಲಿನ್‌ಗೆ ಅಂಟಿಕೊಂಡು ಎಳೆ ಕಟ್ಟದಂತೆ ಮಾಡುತ್ತವೆ. ವಿಭಜನೆ ನಡುವೆಯೇ ನಿಂತು ಕೋಶ ಸಾಯುತ್ತದೆ. ಬೇಗ ಬೇಗ ವಿಭಜಿಸುವ ಕ್ಯಾನ್ಸರ್ ಕೋಶಗಳಿಗೆ ಪೆಟ್ಟು ಜೋರು. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೆ ವಿನ್‌ಬ್ಲಾಸ್ಟಿನ್, ಮಕ್ಕಳ ರಕ್ತ ಕ್ಯಾನ್ಸರಿಗೆ ಬೇರೆ ಔಷಧಗಳ ಜೊತೆ ವಿನ್‌ಕ್ರಿಸ್ಟಿನ್ ಇವತ್ತಿಗೂ ಕೊಡುತ್ತಾರೆ. ಒಂದು ಕಾಲಕ್ಕೆ ಆ ಕಾಯಿಲೆ ಬಂದ ಮಗು ಉಳಿಯುವ ಆಸೆಯನ್ನೇ ಬಿಡಬೇಕಿತ್ತು. ಈಗ ಒಳ್ಳೆಯ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಬಹುಪಾಲು ಬದುಕಿ ಶಾಲೆಗೆ ಹೋಗುತ್ತಿದ್ದಾರೆ.

ನಮ್ಮಲ್ಲಿ ಸಕ್ಕರೆಗೆಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇದರ ಎಲೆ, ಹೂ ಜಗಿಯುವವರಿದ್ದಾರೆ. ಅವರಿಗೆ ಈ ಕತೆಯಲ್ಲಿನ ಇಲಿಗಳ ಭಾಗವನ್ನು ಬಿಡಿಸಿ ಹೇಳಬೇಕೆನಿಸುತ್ತದೆ. ಆಸ್ಪತ್ರೆಯಲ್ಲಿ ಈ ಗಿಡದ ಔಷಧಗಳನ್ನು ಅಳೆದು ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ, ರಕ್ತ ಪರೀಕ್ಷಿಸುತ್ತ, ಕೈಕಾಲು ಜೋಮು ಹಿಡಿಯುತ್ತಿದೆಯೇ ಎಂದು ಕೇಳುತ್ತ ಕೊಡುತ್ತಾರೆ. ಅಂಗಳದ ಎಲೆಯಲ್ಲಿ ಎಷ್ಟಿದೆ ಎಂದು ಅಳೆದುಕೊಡುವವರಿಲ್ಲ. ಈಗಾಗಲೇ ಜಗಿಯುತ್ತಿರುವವರು ಸಕ್ಕರೆಯ ಡಾಕ್ಟರಿಗೆ ಅದನ್ನು ಮುಚ್ಚಿಡದೆ ಹೇಳಲಿ.