ಕಾಡಂಚಿನ ಜ್ವರವೂ ಹಳ್ಳಿಯ ವೈದ್ಯರೂ

ಚಾಮರಾಜನಗರದಿಂದ ಗುಂಡ್ಲುಪೇಟೆಗೂ, ಅಲ್ಲಿಂದ ಬಂಡೀಪುರದ ಕಡೆಗೂ ಪ್ರಯಾಣಮಾಡಿದ ವಾಚಕರು ಹೊಲದ ಬದುವಿನವರೆಗೂ ಕಾಡು ಬಂದು ನಿಂತಿರುವುದನ್ನು ಕಂಡಿರಬಹುದು. ಅಲ್ಲಿನವರಿಗೆ ಕಾಡೆಂಬುದು ನೆರೆಮನೆಯಿದ್ದಂತೆ. ಸೌದೆ, ಜೇನು, ದನದ ಮೇವು, ಕೂಲಿ ಇವುಗಳಿಗೆ ಅದನ್ನೇ ಆಶ್ರಯಿಸಿದವರು ಹಲವರು. ಈ ನೆರೆಯಿಂದ ಮನೆಗೆ ಬರಬಹುದಾದ ಒಂದು ರೋಗವನ್ನು ಗೃಹಸ್ಥರು ಅರಿತಿರುವುದು ಲೇಸು.

ಮಂಗನ ಕಾಯಿಲೆಯೆಂದು ನಾವು ಕರೆಯುವ ಈ ಜ್ವರವು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಬಹುಕಾಲ ಇದನ್ನು ಮಲೆನಾಡಿನ ರೋಗವೆಂದೇ ಎಣಿಸಿದ್ದರು. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಅವುಗಳ ಕಳೇಬರಗಳನ್ನು ಸುಡುವ ಕೆಲಸದಲ್ಲಿ ತೊಡಗಿದ್ದವರಿಗೆ ಜ್ವರ ಬಂದಿತು; ರಕ್ತಪರೀಕ್ಷೆಯಿಂದ ಅದು ಮಂಗನ ಕಾಯಿಲೆಯೆಂದು ಸ್ಥಿರವಾಯಿತು.

ಈ ರೋಗವನ್ನು ಹರಡುವುದು ಉಣುಗು. ಮಂಗವು ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು ಸುತ್ತಲೂ ಹರಡುವುವು. ಆ ದಾರಿಯಲ್ಲಿ ನಡೆದವನನ್ನು ಕಚ್ಚಿದರೆ, ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಜ್ವರ, ತಲೆನೋವು, ಅತಿಶಯವಾದ ಮೈಕೈನೋವು, ವಾಂತಿ ತಲೆದೋರುವುವು. ಕೆಲವರಿಗೆ ರಕ್ತಸ್ರಾವವೂ ಉಂಟು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸಿ ಮೆದುಳಿಗೆ ಬಾಧೆಯಾಗುವುದೂ ಇದೆ. ರೋಗ ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುವರು. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಹರಡದು. ಆದುದರಿಂದ ರೋಗಿಯನ್ನು ದೂರವಿಡಬೇಕಾದ ಕಾರಣವಿಲ್ಲ.

ಇದಕ್ಕೆಂದೇ ಗೊತ್ತಾದ ಔಷಧಿಯಿಲ್ಲ. ಹಿಂದೆ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ಫಲಕಾರಿಯಲ್ಲವೆಂದು ಕಂಡುದರಿಂದ ಅದನ್ನು ನಿಲ್ಲಿಸಿದ್ದಾರೆ. ಸಕಾಲದಲ್ಲಿ ದೊರೆಯುವ ಶುಶ್ರೂಷೆಯೇ ರೋಗಿಗೆ ಆಧಾರ. ಮೊದಲ ದಿನಗಳಲ್ಲಿ ಇದು ಡೆಂಗ್ಯೂವಿನಂತೆಯೂ ವಿಷಮಶೀತಜ್ವರದಂತೆಯೂ ತೋರುವುದು. ಆಗ “ಕಾಡಿಗೆ ಹೋಗಿದ್ದೆಯಾ? ಸತ್ತ ಮಂಗವನ್ನು ಕಂಡೆಯಾ?” ಎಂಬ ಎರಡು ಪ್ರಶ್ನೆಗಳು ವೈದ್ಯರಿಗೆ ದಾರಿ ತೋರುವುವು. ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರು, ದಾದಿಯರು, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಇವರೆಲ್ಲರ ಕೈಯಲ್ಲಿಯೂ ಈ ತಿಳಿವಳಿಕೆ ಅಚ್ಚಕನ್ನಡದಲ್ಲಿ ಬರೆದು ಸಿದ್ಧವಾಗಿರಬೇಕು: ರಕ್ತವನ್ನು ಯಾವಾಗ ತೆಗೆಯಬೇಕು, ಎಲ್ಲಿಗೆ ಕಳುಹಿಸಬೇಕು, ಯಾರಿಗೆ ವರದಿಮಾಡಬೇಕು, ರಕ್ತಸ್ರಾವವನ್ನು ಹೆಚ್ಚಿಸುವ ಆಸ್ಪಿರಿನ್ ಮೊದಲಾದ ಗುಳಿಗೆಗಳನ್ನು ಏಕೆ ಕೊಡಬಾರದು. 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ವಿದ್ಯಾಲಯವು ಜಿಲ್ಲೆಯಲ್ಲಿಯೇ ಇರುವುದು ಈ ಕಾರ್ಯಕ್ಕೆ ಅನುಕೂಲ.

ಗೃಹಸ್ಥರ ಪಾಲೂ ಸ್ವಲ್ಪವಿದೆ. ಮಾರ್ಗಶಿರದಿಂದ ವೈಶಾಖದವರೆಗೆ ಉಣುಗಿನ ಕಾಟ ಹೆಚ್ಚು. ಆ ತಿಂಗಳುಗಳಲ್ಲಿ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣುಗು ಹತ್ತದಂತೆ ತಡೆಯುವ ತೈಲವನ್ನು ಹಚ್ಚಿಕೊಳ್ಳತಕ್ಕದ್ದು. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ, ತೊಟ್ಟ ಬಟ್ಟೆಯನ್ನು ಒಗೆಯತಕ್ಕದ್ದು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ಜ್ವರ ಬಂದಾಗ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು. ಸೌದೆಗೆ ಹೋದುದನ್ನು ಹೇಳಿದರೆ ದಂಡ ಬಿದ್ದೀತೆಂಬ ಅಂಜಿಕೆಯಿಂದ ಬಡವನು ಬಾಯಿ ಮುಚ್ಚಿದರೆ ಅವನ ಪ್ರಾಣಕ್ಕೇ ಕುತ್ತು. ಆ ಅಂಜಿಕೆಯನ್ನು ಬಿಡಿಸಿ, ಪ್ರೀತಿಯಿಂದ ಕೇಳಿ ತಿಳಿಯುವ ವೈದ್ಯನೇ ಕಾಡಂಚಿನ ಹಳ್ಳಿಗೆ ನಿಜವಾದ ಬಂಧು.