ಆಟದ ಕಲ್ಲುಗಳು ಕಲಿಸುವ ಪಾಠ

ಮಕ್ಕಳ ಆಟವೂ ವಿದ್ಯಾಭ್ಯಾಸವೇ ಎಂಬುದನ್ನು ಕಿಂಡರ್‌ಗಾರ್ಟನ್ನಿನ ಜನಕರಾದ ಫ್ರೋಬೆಲ್‌ರು ಲೋಕಕ್ಕೆ ತೋರಿಸಿಕೊಟ್ಟರು. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಸಂಸ್ಥೆಯೊಂದನ್ನು ತೆರೆದು, ಮರದ ಘನಗಳನ್ನು ಮಕ್ಕಳ ಕೈಗಿತ್ತರು. ಮುಂದೆ ಅದೇ ನಾಡಿನ ಲಿಲಿಯೆಂಟಾಲ್ ಸೋದರರು ಮರಳು, ಸೀಮೆಸುಣ್ಣ, ಅಗಸೆ ಎಣ್ಣೆಗಳನ್ನು ಬೆರೆಸಿ ಆಟದ ಕಲ್ಲುಗಳನ್ನು ರೂಪಿಸಿದರು. 1880ರ ದಶಕದಲ್ಲಿ ರೂಡೋಲ್‌ಸ್ಟಾಟ್ ಪಟ್ಟಣದ ಉದ್ಯಮಿ ರಿಕ್ಟರ್ ಅವುಗಳ ತಯಾರಿಕೆಯನ್ನು ಕೈಗೊಂಡರು. ಇವೇ ‘ಆಂಕರ್’ ಕಲ್ಲುಗಳೆಂದು ಪ್ರಸಿದ್ಧವಾದವು.

ಇಟ್ಟಿಗೆಯ ಕೆಂಪು, ಮರಳುಗಲ್ಲಿನ ಹಳದಿ, ಹಲಗೆಕಲ್ಲಿನ ನೀಲಿ—ಇವೇ ಅವುಗಳ ಮೂರು ಬಣ್ಣಗಳು. ಅಂಟಿಲ್ಲ, ಕೊಂಡಿಯಿಲ್ಲ, ಕಲ್ಲು ತನ್ನ ಭಾರದಿಂದಲೇ ನಿಲ್ಲಬೇಕು. ಕಮಾನಿನ ಎರಡು ಪಕ್ಕಗಳು ಸಮತೂಗದಿದ್ದರೆ ಕಟ್ಟಡ ಕುಸಿಯುತ್ತದೆ. ಕುಸಿದುದೇಕೆಂದು ಮಗು ತಾನೇ ಪರೀಕ್ಷಿಸಿ, ಬುಡದಿಂದ ಮತ್ತೆ ಕಟ್ಟತೊಡಗುತ್ತದೆ. ತಾಳ್ಮೆ, ಲೆಕ್ಕಾಚಾರ, ಸೌಂದರ್ಯದೃಷ್ಟಿ ಮೂರೂ ಅಲ್ಲಿಯೇ ಬೆಳೆಯುತ್ತವೆ. ಹಿರಿಯರು ಅವಸರದಿಂದ ಕೈಯಿಟ್ಟು ಸರಿಪಡಿಸಿದರೆ ಗೋಪುರವೇನೋ ನಿಂತೀತು, ಅರಿವು ಮೂಡದು.