ಕಾಶಿಯ ಮಹಡಿಗೆ ಕಾಂಪೋಸಿಟ್ ಹಲಗೆ: ಮೊದಲು ಗರಗಸ ನೋಡಿ

ವಾರಾಣಸಿ: ಹನುಮಾನ್ ಘಾಟ್ ಮತ್ತು ಹರಿಶ್ಚಂದ್ರ ಘಾಟ್‌ಗಳ ನಡುವೆ ನಮ್ಮ ಕರ್ನಾಟಕ ಘಾಟ್ ಇದೆ. ಇಕ್ಕಟ್ಟಾದ ಗಲ್ಲಿಗಳ ಈ ಭಾಗದಲ್ಲಿ ಮನೆಗೆ ಅಂಗಳವಿಲ್ಲ, ಮಹಡಿಯೇ ಅಂಗಳ. ಸಂಜೆಯ ಗಾಳಿಗೆ ಕೂರಲು, ಊರಿನಿಂದ ಬಂದ ನೆಂಟರಿಗೆ ಗಂಗೆಯನ್ನು ತೋರಿಸಲು ಅಲ್ಲಿಗೇ ಹತ್ತಬೇಕು. ಅಂಥ ಮಹಡಿಗೆ ಕಾಂಪೋಸಿಟ್ ಹಲಗೆ ಹಾಸಬೇಕೆಂದಿರುವವರಿಗೆ ಈ ನಾಲ್ಕು ಮಾತು.

ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಈ ಹಲಗೆಗೆ ಗೆದ್ದಲಿನ ಕಾಟ ಕಡಿಮೆ, ವರ್ಷವರ್ಷ ಪಾಲಿಶ್ ಬೇಕಿಲ್ಲ. ಆದರೆ ಬೆಲೆ ಹೆಚ್ಚು. ಕೆಟ್ಟದಾಗಿ ಕೊಯ್ದ ಹಲಗೆಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.

ಬಡಗಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು 4 ಇಂಚಿನ ಮಾರ್ಬಲ್ ಕಟರ್. ಅದು ನಿಮಿಷಕ್ಕೆ ಸುಮಾರು 12 ಸಾವಿರ ಸುತ್ತು ತಿರುಗುತ್ತದೆ. ಕಲ್ಲು ಕೊಯ್ಯುವ ಡೈಮಂಡ್ ಬ್ಲೇಡ್ ಹಾಕಿದರಂತೂ ಉಜ್ಜಿದ ಕಾವಿಗೆ ಪ್ಲಾಸ್ಟಿಕ್ ಕರಗಿ ಅಂಚು ಕೆಡುತ್ತದೆ. ಇದಕ್ಕೆ ಸರಿಯಾದದ್ದು 7 ಇಂಚಿನ ಸರ್ಕ್ಯುಲರ್ ಸಾ. ಬ್ಲೇಡಿನ ಹಲ್ಲಿಗೆ ಕಾರ್ಬೈಡ್ ತುದಿ ಇರಲಿ, ಹಲ್ಲುಗಳು 18ರಿಂದ 24 ಇರಲಿ. ಹಲ್ಲು ಹೆಚ್ಚಾದಷ್ಟು ಕೊಯ್ತ ನಯ ಎಂಬುದು ಮರಕ್ಕೆ ಸರಿ. ಇಲ್ಲಿ ಹಲ್ಲು ಒತ್ತಾಗಿದ್ದರೆ ಪುಡಿ ಹೊರಬೀಳದೆ ಬ್ಲೇಡ್ ಕಾಯುತ್ತದೆ. 10 ಇಂಚಿನ ಮೈಟರ್ ಸಾ ಇದ್ದರೆ 40 ಹಲ್ಲು ಮೀರಬಾರದು. ಪೈಪಿನ ಸುತ್ತ ಬಾಗಿದ ಕೊಯ್ತಕ್ಕೆ ಜಿಗ್ ಸಾ ಬೇಕು. ಒಂದೆರಡು ಹಲಗೆಗಾದರೆ ಕೈಗರಗಸವೂ ಸಾಕು.

ಉದ್ದ ಹಲಗೆ ಗಲ್ಲಿಯ ತಿರುವಿನಲ್ಲಿ, ಕಿರಿದಾದ ಮೆಟ್ಟಿಲಿನಲ್ಲಿ ತಿರುಗುವುದಿಲ್ಲ. ಕೊಳ್ಳುವ ಮೊದಲೇ ದಾರಿಯನ್ನು ಅಳೆಯಿರಿ. ಕೆಳಗೇ ಕೊಯ್ಯಬೇಕಾದರೆ ಎರಡು ಇಂಚು ಹೆಚ್ಚು ಬಿಟ್ಟು, ಕೊನೆಯ ಕೊಯ್ತವನ್ನು ಮಹಡಿಯಲ್ಲಿ ಮಾಡಿಸಿ. ಕೊಯ್ಯುವಾಗ ಗೆರೆಯ ಎರಡೂ ಕಡೆ ಹಲಗೆಗೆ ಆಸರೆ ಇರಲಿ, ತುಂಡಾಗುವ ತುದಿ ಮಾತ್ರ ಸಲೀಸಾಗಿ ಬೀಳುವಂತಿರಲಿ. ಹಲಗೆ ನಡುವೆ ಜಗ್ಗಿದರೆ ಬ್ಲೇಡ್ ಸಿಕ್ಕಿಕೊಂಡು ಯಂತ್ರ ಕೊಯ್ಯುವವನ ಕಡೆಗೇ ಹಾರುತ್ತದೆ. ಬ್ಲೇಡ್ ಬದಲಿಸುವಾಗ ಪ್ಲಗ್ ತೆಗೆದಿರಲೇಬೇಕು.

ಕಾಶಿಯಲ್ಲಿ ಜನವರಿಯ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ, ಮೇ-ಜೂನ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಹಲಗೆ ಉದ್ದಕ್ಕೆ ಹಿಗ್ಗುತ್ತದೆ. ಚಳಿಯಲ್ಲಿ ಹಾಸಿದರೆ ತುದಿಗಳ ನಡುವೆ ಹೆಚ್ಚು ಸಂದು ಬಿಡಬೇಕು. ಎಷ್ಟೆಂಬುದು ಕಂಪನಿಯ ಸೂಚನಾಪತ್ರದಲ್ಲಿರುತ್ತದೆ, ಅಂಗಡಿಯಲ್ಲೇ ಕೇಳಿ ಪಡೆಯಿರಿ.

ಇನ್ನು ಪುಡಿಯ ವಿಷಯ. ಇದು ಬರಿಯ ಮರದ ಹೊಟ್ಟಲ್ಲ, ಇದರಲ್ಲಿರುವ ಪ್ಲಾಸ್ಟಿಕ್ ಮಣ್ಣಲ್ಲಿ ಕೊಳೆಯುವುದಿಲ್ಲ. ಮಹಡಿಯ ಗಾಳಿಗೆ ಹಾರಿದರೆ ನೆರೆಯವರ ನೀರಿನ ತೊಟ್ಟಿಗೂ ಗಂಗೆಗೂ ಸೇರುತ್ತದೆ. ಕೆಳಗೆ ಟಾರ್ಪಾಲು ಹಾಸಿ, ಪುಡಿಯನ್ನು ಚೀಲಕ್ಕೆ ತುಂಬಿಸಿ. ಕೊಯ್ಯುವವನಿಗೆ ಮುಖಗವಸು, ಕನ್ನಡಕ ಕೊಡಿ. ಉಳಿದ ತುಂಡುಗಳನ್ನು ಚಳಿಗಾಲದ ಅಲಾವ್‌ಗೆ ಹಾಕಬೇಡಿ, ಆ ಹೊಗೆ ಒಳ್ಳೆಯದಲ್ಲ.

ಇಲ್ಲಿ ಗರಗಸಕ್ಕೆ ‘ಆರಿ’ ಎನ್ನುತ್ತಾರೆ, ಹಲ್ಲಿಗೆ ‘ದಾಂತ್’. ಕೆಲಸ ಒಪ್ಪಿಸುವ ಮೊದಲು ಮಿಸ್ತ್ರಿಯನ್ನು ‘ಬ್ಲೇಡ್ ಮೇ ಕಿತನೇ ದಾಂತ್ ಹೈಂ?’ ಎಂದು ಕೇಳಿ. ಆಮೇಲೆ ಒಂದು ಚೂರು ಹಲಗೆಯ ಮೇಲೆ ಕೊಯ್ದು ತೋರಿಸಲು ಹೇಳಿ. ಅಂಚು ಕರಗದೆ ಸ್ವಚ್ಛವಾಗಿದ್ದರೆ ಕೆಲಸ ಶುರುವಾಗಲಿ.